ರಾಗಿಯ ಸ್ತುತಿಯೂ ವೃದ್ಧೆಯ ಅಸ್ಥಿಬಲವೂ: ಬಿಕ್ಕೋಡು ಸೀಮೆಯನ್ನು ಮುಂದಿಟ್ಟುಕೊಂಡು ಒಂದು ವಿಮರ್ಶೆ

೧

ಕನ್ನಡ ನಾಡಿನ ಧಾನ್ಯಗಳಲ್ಲಿ ರಾಗಿಗೆ ದೊರೆತಷ್ಟು ಸ್ತುತಿ ಪ್ರಾಯಶಃ ಬೇರಾವುದಕ್ಕೂ ದೊರೆತಿಲ್ಲ. ಕವಿ ಅದನ್ನು ಕಥಾನಾಯಕನನ್ನಾಗಿ ಮಾಡಿದ್ದಾನೆ. ಗಾದೆ ಅದನ್ನು ಬಲದ ಮೂಲವೆಂದಿದೆ. ಪರದೇಶದ ಪ್ರವಾಸಿ ಅದರ ಬೇಸಾಯವನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಆಹಾರಶಾಸ್ತ್ರಜ್ಞರು ಅದರ ಸತ್ತ್ವಗಳನ್ನು ಅಳೆದು ಕೋಷ್ಟಕಗಳಲ್ಲಿ ಕಾಣಿಸಿದ್ದಾರೆ. ವಿಶ್ವಸಂಸ್ಥೆಯು ೨೦೨೩ನೆಯ ವರ್ಷವನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿದ ಮೇಲಂತೂ ಕಾಲೇಜುಗಳ ವಿಚಾರಗೋಷ್ಠಿಗಳಲ್ಲಿಯೂ ಸ್ಮರಣಸಂಚಿಕೆಗಳಲ್ಲಿಯೂ ರಾಗಿಯನ್ನು ಕುರಿತ ಪ್ರಬಂಧಗಳು ಹೇರಳವಾಗಿ ಬಂದಿವೆ. ಅವುಗಳಲ್ಲಿ ಮತ್ತೆ ಮತ್ತೆ ಎದುರಾಗುವ ಒಂದು ವಾದವುಂಟು. ರಾಗಿಯಲ್ಲಿ ಸುಣ್ಣದ ಅಂಶ, ಎಂದರೆ ಕ್ಯಾಲ್ಸಿಯಂ, ಸಮೃದ್ಧವಾಗಿದೆ. ನಮ್ಮ ಅಜ್ಜಿಯರು ರಾಗಿಯನ್ನು ಉಂಡರು. ಆದ್ದರಿಂದ ಅವರ ಮೂಳೆಗಳು ಮುಪ್ಪಿನಲ್ಲಿಯೂ ಗಟ್ಟಿಯಾಗಿದ್ದವು. ಈ ವಾದದ ಮೊದಲನೆಯ ಮಾತು ನಿಜ. ಎರಡನೆಯದು ಕೆಲವು ಸೀಮೆಗಳಿಗೆ ಮಾತ್ರ ನಿಜ. ಮೂರನೆಯದಕ್ಕೆ ಆಧಾರವೇನು? ಆ 'ಆದ್ದರಿಂದ' ಎಂಬ ಒಂದು ಪದವನ್ನು ಪರೀಕ್ಷಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಇತಿಹಾಸದ ಅಧ್ಯಾಪಕರಿಗೆ ವೈದ್ಯವಿಷಯದಲ್ಲಿ ಏನು ಕೆಲಸವೆಂದು ಯಾರಾದರೂ ಕೇಳಬಹುದು. 'ನಮ್ಮ ಅಜ್ಜಿಯರ ಮೂಳೆ ಗಟ್ಟಿಯಾಗಿತ್ತು' ಎಂಬುದು ವೈದ್ಯಕೀಯ ವಾಕ್ಯವಾಗುವುದಕ್ಕೆ ಮೊದಲು ಐತಿಹಾಸಿಕ ವಾಕ್ಯ. ಗತಕಾಲವನ್ನು ಕುರಿತು ಹೇಳಿದ ಮಾತಿಗೆ ಸಾಕ್ಷ್ಯವನ್ನು ಕೇಳುವುದು ನಮ್ಮ ಶಾಸ್ತ್ರದ ಧರ್ಮ. ಅಲ್ಲದೆ ಈ ಪ್ರಶ್ನೆ ಕೇವಲ ಪಾಂಡಿತ್ಯದ್ದಲ್ಲ. ಹಿಂದಿನವರ ಮೂಳೆ ಗಟ್ಟಿಯಾಗಿತ್ತೆಂದು ಸಾಕ್ಷ್ಯವಿಲ್ಲದೆ ನಂಬುವ ಮನೆಯಲ್ಲಿ ಇಂದಿನ ಮುದುಕಿಯ ಬೆನ್ನುನೋವಿಗೆ ಬೆಲೆ ಕಡಮೆ.

೨

ಮೊದಲು ಕಾವ್ಯವನ್ನೇ ನೋಡೋಣ. ಹದಿನಾರನೆಯ ಶತಮಾನದ ಕನಕದಾಸರ 'ರಾಮಧಾನ್ಯಚರಿತೆ'ಯ ವಸ್ತು ಎಲ್ಲರಿಗೂ ತಿಳಿದದ್ದೇ. ಲಂಕೆಯಿಂದ ಮರಳುವ ರಾಮನು ಮುನಿಗಳ ಆಶ್ರಮದಲ್ಲಿ ತಂಗಿದ್ದಾಗ, ಧಾನ್ಯಗಳಲ್ಲಿ ಶ್ರೇಷ್ಠವಾವುದೆಂಬ ಪ್ರಶ್ನೆ ಹುಟ್ಟುತ್ತದೆ. ವ್ರೀಹಿ ಎಂಬ ನೆಲ್ಲಿಗೂ ನರೆದಲಗ ಎಂಬ ರಾಗಿಗೂ ವಾಗ್ವಾದವಾಗುತ್ತದೆ. ರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿರಿಸುತ್ತಾನೆ. ಅವಧಿ ಮುಗಿದಾಗ ನೆಲ್ಲು ಸತ್ತ್ವಗುಂದಿರುತ್ತದೆ, ರಾಗಿ ಕೆಡದೆ ಉಳಿದಿರುತ್ತದೆ. ರಾಘವನು ತನ್ನ ಹೆಸರನ್ನೇ ಗೆದ್ದ ಧಾನ್ಯಕ್ಕೆ ಅನುಗ್ರಹಿಸುತ್ತಾನೆ.

ಈ ಕೃತಿಯಲ್ಲಿ ರಾಗಿಗೆ ಜಯವನ್ನು ತಂದುಕೊಟ್ಟ ಗುಣಗಳು ಎರಡು. ಒಂದು, ಅದು ಬಹುಕಾಲ ಕೆಡದೆ ಉಳಿಯುತ್ತದೆ. ಹಗೇವಿನಲ್ಲಿ ವರ್ಷಗಟ್ಟಲೆ ರಾಗಿಯನ್ನಿಟ್ಟು ಬಲ್ಲ ರೈತರಿಗೆ ಇದು ಅನುಭವಸಿದ್ಧವಾದ ಸಂಗತಿ. ಎರಡು, ಉಳ್ಳವರನ್ನೇ ಆಶ್ರಯಿಸಿ ಬಡವರನ್ನು ಕಡೆಗಣಿಸುವ ನೆಲ್ಲಿಗೆ ಪ್ರತಿಯಾಗಿ, ಕ್ಷಾಮದಲ್ಲಿ ಬಡಜನರನ್ನು ಕಾಪಾಡುವ ಧಾನ್ಯವದು. ಕವಿಯ ದೃಷ್ಟಿ ಧಾನ್ಯದೊಳಗಿನ ದ್ರವ್ಯದ ಮೇಲಿಲ್ಲ. ಧಾನ್ಯ ಯಾರನ್ನು ಮುಟ್ಟುತ್ತದೆ ಎಂಬುದರ ಮೇಲಿದೆ. ಇಂದಿನ ಪ್ರಬಂಧಕಾರರು ಈ ಕಾವ್ಯದ ಬದಿಯಲ್ಲಿ ಕ್ಯಾಲ್ಸಿಯಂ ಪ್ರಮಾಣದ ಕೋಷ್ಟಕವನ್ನಿಟ್ಟು, ಕವಿ ಆಹಾರವಿಜ್ಞಾನವನ್ನು ಮೊದಲೇ ಕಂಡಿದ್ದನೆಂದು ಹೇಳುವುದು ಕಾಲವಿಪರ್ಯಾಸ ದೋಷ. ಇದರಿಂದ ಕವಿಗೆ ಗೌರವ ಹೆಚ್ಚುವುದಿಲ್ಲ. ಅವನು ಕೇಳಿದ ಪ್ರಶ್ನೆ ಮಾತ್ರ ಮರೆಯಾಗುತ್ತದೆ. ಆ ಪ್ರಶ್ನೆಯೇ ನಮ್ಮ ವಿಷಯಕ್ಕೆ ಅತ್ಯಂತ ಸಮೀಪವಾದದ್ದೆಂಬುದನ್ನು ಮುಂದೆ ನೋಡುತ್ತೇವೆ.

ಇನ್ನು ಗಾದೆ. 'ಹಿಟ್ಟಂ ತಿಂದವಂ ಬೆಟ್ಟಮಂ ಕಿತ್ತಿಟ್ಟಂ' ಎಂಬುದೂ, 'ರಾಗಿ ಉಂಡವ ನಿರೋಗಿ' ಎಂಬುದೂ ಜನಜನಿತ. ಎರಡರಲ್ಲಿಯೂ ಉಣ್ಣುವವನು ಗಂಡಸು. ಕನ್ನಡದಲ್ಲಿ ಪುಲ್ಲಿಂಗದ ಪ್ರಯೋಗ ಎಲ್ಲರನ್ನೂ ಒಳಗೊಳ್ಳುವುದುಂಟು, ಇದನ್ನು ವ್ಯಾಕರಣದ ಸಾಮಾನ್ಯ ರೂಢಿಯೆಂದು ಬಿಡಬಹುದು ಎಂಬ ಆಕ್ಷೇಪಕ್ಕೆ ಅವಕಾಶವಿದೆ. ಆದರೆ ಬೆಟ್ಟ ಕೀಳುವ ಬಲದ ಚಿತ್ರ ಹರೆಯದ ದುಡಿಮೆಗಾರನದು. ಅದನ್ನು ಅರುವತ್ತು ದಾಟಿದ ಹೆಂಗಸಿನ ಸೊಂಟಕ್ಕೆ ಅನ್ವಯಿಸುವಾಗ ನಾವು ಗಾದೆ ಹೇಳದೆ ಇದ್ದುದನ್ನು ಅದರ ಬಾಯಲ್ಲಿ ಹೇಳಿಸುತ್ತಿದ್ದೇವೆ.

೩

ಹಾಗಾದರೆ ಹಳೆಯ ಕಾಲದ ವೃದ್ಧೆಯ ದೇಹಸ್ಥಿತಿಯನ್ನು ತಿಳಿಯಲು ನಮಗಿರುವ ಆಧಾರಗಳಾವುವು? ಬೇಲೂರು ತಾಲ್ಲೂಕು ಶಾಸನಗಳಿಗೂ ಶಿಲ್ಪಗಳಿಗೂ ಹೆಸರಾದುದು. ೧೧೧೭ರಲ್ಲಿ ವಿಷ್ಣುವರ್ಧನನು ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವ ದೇವಾಲಯವು ಹಳೇಬೀಡು, ಸೋಮನಾಥಪುರಗಳ ದೇವಾಲಯಗಳೊಡನೆ ೨೦೨೩ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಆ ಗುಡಿಯ ಮದನಿಕೆಯರೆಲ್ಲರೂ ಯೌವನವತಿಯರು. ಈ ಶಿಲ್ಪಸಂಪ್ರದಾಯದಲ್ಲಿ ಮೈಯ ಮೂಳೆ ಎದ್ದು ಕಾಣುವುದು ಭೈರವನ ಪರಿವಾರದ ಬೇತಾಳಗಳಲ್ಲಿ. ಸುಂದರಿಗೂ ಬೇತಾಳಕ್ಕೂ ನಡುವೆ, ಊರಿನಲ್ಲಿ ಬಾಳಿದ ಮುಪ್ಪಿನ ಹೆಂಗಸು ಶಿಲ್ಪಿಯ ಪ್ರಧಾನ ವಸ್ತುವಾಗಲಿಲ್ಲ.

ಬಿ. ಎಲ್. ರೈಸ್ ಅವರು ೧೯೦೨ರಲ್ಲಿ ಪ್ರಕಟಿಸಿದ ಹಾಸನ ಜಿಲ್ಲೆಯ ಶಾಸನ ಸಂಪುಟವನ್ನು ತೆರೆದರೆ ದತ್ತಿಬಿಟ್ಟ ಗದ್ದೆಗಳೂ, ದೇವರ ನೈವೇದ್ಯಕ್ಕೆ ಮಾಡಿದ ಏರ್ಪಾಡುಗಳೂ, ನಂದಾದೀಪದ ಎಣ್ಣೆಯೂ ಸಿಕ್ಕುತ್ತವೆ. ದೇವರ ಊಟಕ್ಕೆ ದಾಖಲೆಯಿದೆ. ಅಡುಗೆ ಮಾಡಿ ಬಡಿಸಿ ಕಡೆಗೆ ಕುಳಿತು ಉಂಡವಳ ಊಟಕ್ಕೆ ದಾಖಲೆಯನ್ನು ಶಾಸನಗಳಿಂದ ನಿರೀಕ್ಷಿಸುವಂತೆಯೇ ಇಲ್ಲ. ೧೮೦೦–೧೮೦೧ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿ ೧೮೦೭ರಲ್ಲಿ ತನ್ನ ಪ್ರವಾಸಗ್ರಂಥವನ್ನು ಪ್ರಕಟಿಸಿದ ಫ್ರಾನ್ಸಿಸ್ ಬುಕಾನನ್, ಹೊಲದ ಬೆಳೆಗಳಲ್ಲಿ ರಾಗಿಯೇ ಮುಖ್ಯವೆಂದೂ ದುಡಿಯುವ ವರ್ಗಗಳಿಗೆ ಅದೇ ಆಹಾರವೆಂದೂ ಬರೆದಿದ್ದಾನೆ. ಅವನ ಗಮನ ಬೆಳೆಯ ಮೇಲೆ, ಕಂದಾಯದ ಮೇಲೆ.

ವಚನಸಾಹಿತ್ಯದಲ್ಲಿ ಮುಪ್ಪಿನ ದೇಹದ ನಿಷ್ಠುರವಾದ ಚಿತ್ರವಿದೆ. ನರೆ, ಸುಕ್ಕು, ಉದುರಿದ ಹಲ್ಲು, ಬಾಗಿದ ಬೆನ್ನು, ಊರುಗೋಲು ಎಲ್ಲವನ್ನೂ ಬಸವಣ್ಣನವರು ಒಂದು ಪ್ರಸಿದ್ಧ ವಚನದಲ್ಲಿ ಒಂದರ ಮೇಲೊಂದರಂತೆ ಹೇಳುತ್ತಾರೆ. ಅಲ್ಲಿ ಬಾಗಿದ ಬೆನ್ನು ಬದುಕಿನ ಸಾಮಾನ್ಯ ಗತಿ. ಹನ್ನೆರಡನೆಯ ಶತಮಾನದಲ್ಲಿಯೂ ಬೆನ್ನು ಬಾಗುತ್ತಿತ್ತು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಿಲ್ಲ. ಈಚಿನ ಕಾಲದ ಕಾದಂಬರಿಗಳಲ್ಲಿ ಎಂ. ಕೆ. ಇಂದಿರಾ ಅವರ 'ಫಣಿಯಮ್ಮ' (೧೯೭೬) ಮಲೆನಾಡಿನ ಬಾಲವಿಧವೆಯೊಬ್ಬಳ ದೀರ್ಘಾಯುಷ್ಯದ ಕಥೆ. ಅಲ್ಪಾಹಾರದಿಂದಲೂ ನೂರು ವರ್ಷ ಗಟ್ಟಿಯಾಗಿ ಬಾಳಬಹುದೆಂಬುದಕ್ಕೆ ಇದನ್ನು ಉದಾಹರಿಸುವವರುಂಟು. ಬಾಳಿದವಳ ಕಥೆ ಬರೆಹಕ್ಕೆ ಬರುತ್ತದೆ. ಒಪ್ಪತ್ತು ಉಂಡು, ಏಕಾದಶಿಯ ಉಪವಾಸ ಮಾಡಿ, ಬಿದ್ದು ಸೊಂಟ ಮುರಿದು ಹಾಸಿಗೆ ಹಿಡಿದವಳ ಕಥೆ ಬರುವುದಿಲ್ಲ. ಉಳಿದವರನ್ನು ಮಾತ್ರ ಎಣಿಸುವುದು ಇತಿಹಾಸಕಾರರು ಬಹಳ ಹಿಂದೆಯೇ ಗುರುತಿಸಿದ ದೋಷ.

ರಾಗಿಯ ಪ್ರಾಚೀನತೆಯ ವಿಷಯದಲ್ಲಿಯೂ ಎಚ್ಚರ ಬೇಕು. ಅದರ ಮೂಲ ಪೂರ್ವ ಆಫ್ರಿಕದ ಎತ್ತರದ ನೆಲವೆಂಬುದು ಈಗ ಸಿದ್ಧವಾದ ವಿಷಯ. ಹಾವೇರಿ ಜಿಲ್ಲೆಯ ಹಳ್ಳೂರಿನ ಉತ್ಖನನದಲ್ಲಿ ಶಿಲಾಯುಗದ ಕೊನೆಯ ಕಾಲದಷ್ಟು ಹಳೆಯ ರಾಗಿ ದೊರೆಯಿತೆಂದು ಮೊದಲು ಹೇಳಿದ್ದನ್ನು ಈಚಿನ ಸಸ್ಯಾವಶೇಷ ತಜ್ಞರು ಸಂಶಯದಿಂದ ನೋಡುತ್ತಾರೆ. ಮಂಡ್ಯದ ವಿ. ಸಿ. ಫಾರಂನಲ್ಲಿ ಸಿ. ಎಚ್. ಲಕ್ಷ್ಮಣಯ್ಯನವರು ಭಾರತದ ತಳಿಗಳನ್ನು ಆಫ್ರಿಕದ ತಳಿಗಳೊಡನೆ ಕೂಡಿಸಿ 'ಇಂಡಾಫ್' ತಳಿಗಳನ್ನು ತಂದಾಗ ಎರಡು ಖಂಡಗಳ ಈ ಹಳೆಯ ನಂಟು ಮತ್ತೆ ಕೂಡಿತು.

೪

ಈಗ ಧಾನ್ಯದ ಸತ್ತ್ವಕ್ಕೆ ಬರೋಣ. ಕೂನೂರಿನ ಪ್ರಯೋಗಾಲಯದಿಂದ ಡಬ್ಲ್ಯೂ. ಆರ್. ಅಯ್‌ಕ್ರಾಯ್ಡ್ ಅವರು ಭಾರತೀಯ ಆಹಾರಗಳ ಪೋಷಕಮೌಲ್ಯದ ಕೋಷ್ಟಕವನ್ನು ಪ್ರಕಟಿಸಿದ್ದು ೧೯೩೭ರಲ್ಲಿ. ಆ ಸಂಸ್ಥೆ ೧೯೫೮ರಲ್ಲಿ ಹೈದರಾಬಾದಿಗೆ ಬಂದು ಮುಂದೆ ರಾಷ್ಟ್ರೀಯ ಪೋಷಣ ಸಂಸ್ಥೆಯಾಯಿತು. ಅದರ ಹಳೆಯ ಕೋಷ್ಟಕದಂತೆ ನೂರು ಗ್ರಾಂ ರಾಗಿಯಲ್ಲಿ ೩೪೪ ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ೨೦೧೭ರ ಕೋಷ್ಟಕದಂತೆ ೩೬೪. ಗಿರಣಿಯ ಅಕ್ಕಿಯಲ್ಲಿ ಹತ್ತು ಮಿಲಿಗ್ರಾಂ ಅಥವಾ ಅದಕ್ಕೂ ಕಡಮೆ. ಧಾನ್ಯಗಳೊಳಗೆ ರಾಗಿಯ ಸ್ಥಾನ ಅಸಾಧಾರಣವೆಂಬುದರಲ್ಲಿ ಸಂದೇಹವಿಲ್ಲ.

ಹೊಟ್ಟೆಗೆ ಹೋದ ಕ್ಯಾಲ್ಸಿಯಂ ಎಲ್ಲವೂ ರಕ್ತಕ್ಕೆ ಸೇರುವುದಿಲ್ಲ. ರಾಗಿಯಲ್ಲಿರುವ ಫೈಟೇಟು, ಆಕ್ಸಲೇಟುಗಳು ಅದರ ಒಂದು ಭಾಗವನ್ನು ಹಿಡಿದಿಟ್ಟುಕೊಳ್ಳುತ್ತವೆ. ಮೊಳಕೆ ಕಟ್ಟಿ ಹುರಿದ ಹಿಟ್ಟಿನಲ್ಲಿಯೂ, ಹುಳಿ ಬರಿಸಿದ ಅಂಬಲಿಯಲ್ಲಿಯೂ ಫೈಟೇಟು ಕಡಮೆಯಾಗುತ್ತದೆ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ವಿ. ಸುಬ್ರಹ್ಮಣ್ಯನ್, ಎಂ. ಸ್ವಾಮಿನಾಥನ್ ಮೊದಲಾದವರು ಬಡಜನರ ಸಸ್ಯಾಹಾರದಲ್ಲಿ ರಾಗಿಯಿದ್ದರೆ ದೇಹದಲ್ಲಿ ಸಾರಜನಕ, ಕ್ಯಾಲ್ಸಿಯಂ, ರಂಜಕಗಳ ಆಯವ್ಯಯ ಹೇಗಿರುತ್ತದೆಂಬುದನ್ನು ೧೯೫೫ರಲ್ಲಿ ವಯಸ್ಕರಲ್ಲಿ ಪರೀಕ್ಷಿಸಿ ಪ್ರಕಟಿಸಿದರು; ೧೯೫೯ರಲ್ಲಿ ಅಕ್ಕಿಗೆ ಬದಲಾಗಿ ರಾಗಿಯನ್ನು ಕೊಟ್ಟು, ಪೋಷಣೆ ಸಾಲದ ಮಕ್ಕಳನ್ನು ಕುರಿತ ಅಧ್ಯಯನ ಹೊರಬಂದಿತು. ಇವು ನಮ್ಮ ನಾಡಿನ ಹೆಮ್ಮೆಯ ಕೆಲಸಗಳು. ಆದರೆ ಮುಟ್ಟು ನಿಂತ ಹೆಂಗಸು ಅವುಗಳ ಪ್ರಧಾನ ವಸ್ತುವಾಗಿರಲಿಲ್ಲ. ಅವುಗಳ ಫಲಿತಾಂಶವನ್ನು ಅವಳಿಗೆ ನೇರವಾಗಿ ಅನ್ವಯಿಸುವಂತಿಲ್ಲ.

ಏಕೆಂದರೆ ಅವಳ ಸ್ಥಿತಿ ಬೇರೆ. ಬಾಸ್ಟನ್ನಿನ ವೈದ್ಯ ಫುಲ್ಲರ್ ಆಲ್‌ಬ್ರೈಟ್ ೧೯೪೦–೪೧ರಲ್ಲಿ ರಜೋನಿವೃತ್ತಿಗೂ ಮೂಳೆಯ ಸವಕಲಿಗೂ ಇರುವ ಸಂಬಂಧವನ್ನು ಸ್ಪಷ್ಟಪಡಿಸಿದರು. ಅಂಡಾಶಯದಿಂದ ಬರುವ ಈಸ್ಟ್ರೊಜೆನ್ ಎಂಬ ರಸ ಇಳಿದಾಗ, ಹಳೆಯ ಮೂಳೆಯನ್ನು ಕರಗಿಸುವ ಕೆಲಸವು ಹೊಸ ಮೂಳೆಯನ್ನು ಕಟ್ಟುವ ಕೆಲಸವನ್ನು ಮೀರುತ್ತದೆ. ಮುಟ್ಟು ನಿಂತ ಮೊದಲ ಕೆಲವು ವರ್ಷಗಳಲ್ಲಿ ಈ ನಷ್ಟ ಬಲು ಬೇಗ ನಡೆಯುತ್ತದೆ. ಕ್ರಮೇಣ ಮೂಳೆ ಒಳಗೊಳಗೆ ಜಾಳಾಗುತ್ತದೆ. ಇದನ್ನೇ ಅಸ್ಥಿರಂಧ್ರತೆ ಎನ್ನುತ್ತಾರೆ. ನೋವಿಲ್ಲದೆ ಬರುವ ರೋಗವಾದುದರಿಂದ ಮಣಿಕಟ್ಟು ಮುರಿದಾಗಲೋ, ಬೆನ್ನುಹುರಿಯ ಮಣಿ ಕುಸಿದು ಗೂನು ಬಂದಾಗಲೋ, ತೊಡೆಯ ಮೂಳೆಯ ಕೊರಳು ಮುರಿದಾಗಲೋ ಮಾತ್ರ ತಿಳಿಯುತ್ತದೆ. ಕ್ಯಾಲ್ಸಿಯಮ್ಮಿನ ಜೊತೆಗೆ ಅದನ್ನು ಕರುಳು ಹೀರುವುದಕ್ಕೆ ಜೀವಸತ್ವ 'ಡಿ', ಮೂಳೆಯ ಹಂದರಕ್ಕೆ ಸಸಾರಜನಕ, ಮೂಳೆಯನ್ನು ಚುರುಕಾಗಿಡುವುದಕ್ಕೆ ಭಾರ ಹೊರುವ ನಡೆನುಡಿ, ಇವೆಲ್ಲ ಕೂಡಿಯೇ ಕೆಲಸ ಮಾಡಬೇಕು. ಎಷ್ಟು ಉತ್ತಮವಾದರೂ ಒಂದೇ ಧಾನ್ಯ ಇವೆಲ್ಲವನ್ನೂ ಕೊಡಲಾರದು.

೫

ಬಿಕ್ಕೋಡು ಬೇಲೂರು ತಾಲ್ಲೂಕಿನ ಒಂದು ಹೋಬಳಿಯ ಕೇಂದ್ರ. ಬೇಲೂರು ತಾಲ್ಲೂಕು ಮಲೆನಾಡೂ ಬಯಲೂ ಕೂಡುವ ಮೆಟ್ಟಿಲಿನ ಮೇಲಿದೆ. ಬಿಕ್ಕೋಡಿನ ಕಡೆ ಕಾಫಿತೋಟ, ಗದ್ದೆ, ಮಳೆ. ಹಳೇಬೀಡಿನಿಂದ ಮೂಡಣಕ್ಕೆ ಅರಸೀಕೆರೆಯತ್ತ ಹೊರಟರೆ ಹೊಲ, ರಾಗಿ, ತೆಂಗು. ಒಂದು ಹೊತ್ತಿನ ಬಸ್ಸಿನ ಪ್ರಯಾಣದೊಳಗೆ ಊಟ, ನೀರು, ಬಿಸಿಲು ಮೂರೂ ಬದಲಾಗುತ್ತವೆ. ರಾಗಿಸ್ತುತಿಯನ್ನು ಪರೀಕ್ಷಿಸಲು ಇದಕ್ಕಿಂತ ಒಳ್ಳೆಯ ಸೀಮೆ ಸಿಕ್ಕುವುದು ಕಷ್ಟ.

ಬಿಕ್ಕೋಡಿನ ಕಡೆಯ ಊಟದಲ್ಲಿ ಅನ್ನ, ಅಕ್ಕಿರೊಟ್ಟಿ, ಕಡುಬುಗಳಿಗೆ ಪ್ರಾಧಾನ್ಯ. 'ನಮ್ಮ ಅಜ್ಜಿಯರು ರಾಗಿಯನ್ನುಂಡರು' ಎಂಬ ಮಾತು ಇಲ್ಲಿಯೇ ಅರ್ಧಕ್ಕೆ ನಿಲ್ಲುತ್ತದೆ. ದಿನಕ್ಕೆ ಮುನ್ನೂರು ಗ್ರಾಂ ಅಕ್ಕಿಯನ್ನುಂಡರೆ ಅದರಿಂದ ಬರುವ ಕ್ಯಾಲ್ಸಿಯಂ ಮೂವತ್ತು ಮಿಲಿಗ್ರಾಂ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ವಯಸ್ಕ ಹೆಂಗಸಿಗೆ ೨೦೧೦ರಲ್ಲಿ ಹೇಳಿದ್ದ ದಿನದ ಪ್ರಮಾಣ ೬೦೦ ಮಿಲಿಗ್ರಾಂ. ೨೦೨೦ರಲ್ಲಿ ಅದನ್ನು ೧೦೦೦ಕ್ಕೆ ಏರಿಸಿತು. ಐವತ್ತು ದಾಟಿದ ಹೆಂಗಸರಿಗೆ ಅಮೆರಿಕದ ತಜ್ಞಸಮಿತಿ ೨೦೧೧ರಲ್ಲಿ ಹೇಳಿದ್ದು ೧೨೦೦. ಅಕ್ಕಿಯುಣ್ಣುವವಳು ಉಳಿದುದೆಲ್ಲವನ್ನೂ ಹಾಲು, ಮೊಸರು, ಸೊಪ್ಪು, ಹುರುಳಿ, ಎಳ್ಳು, ಗದ್ದೆಯ ಏಡಿ, ಮುಳ್ಳು ಸಹಿತ ತಿನ್ನುವ ಸಣ್ಣ ಮೀನುಗಳಿಂದ ಪಡೆಯಬೇಕು. ನೂರು ಗ್ರಾಂ ಹುರುಳಿಯಲ್ಲಿ ೨೭೦ ಮಿಲಿಗ್ರಾಮಿನಷ್ಟೂ, ಎಳ್ಳಿನಲ್ಲಿ ಸಾವಿರ ಮಿಲಿಗ್ರಾಮಿಗೆ ಮೇಲೆಯೂ, ಒಂದು ದೊಡ್ಡ ಲೋಟ ಹಾಲಿನಲ್ಲಿ ಸುಮಾರು ೩೦೦ ಮಿಲಿಗ್ರಾಮೂ ಇರುತ್ತದೆ. ಪದಾರ್ಥಗಳ ಕೊರತೆ ಈ ಸೀಮೆಯಲ್ಲಿಲ್ಲ.

ಬಿಸಿಲಿನ ವಿಷಯ ಬೇರೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಇಲ್ಲಿ ಮೋಡ. ಗದ್ದೆಗಿಳಿದ ಹೆಣ್ಣಾಳು ಹಿಂದೆ ಗೊರಬು, ಕಂಬಳಿ ಹೊದ್ದಳು, ಈಗ ಪ್ಲಾಸ್ಟಿಕ್ ಹೊದೆಯುತ್ತಾಳೆ. ತೋಟದ ಕೆಲಸವೂ ಮರದ ನೆರಳಿನಲ್ಲಿಯೇ. ಕಾಫಿ ಕುಯ್ಲಾಗಿ ಕಣದಲ್ಲಿ ಒಣಹಾಕುವ ಬೇಸಿಗೆಯ ಮುಂಬದಿಯ ತಿಂಗಳುಗಳಲ್ಲಿ ಮಾತ್ರ ಚರ್ಮಕ್ಕೆ ಬಿಸಿಲು ಧಾರಾಳವಾಗಿ ತಾಗುತ್ತದೆ. ಅದೂ ಕೆಲಸಕ್ಕೆ ಹೋಗುವವರಿಗೆ. ಲೈನುಮನೆಯಲ್ಲಿ ಮೊಮ್ಮಕ್ಕಳನ್ನು ನೋಡಿಕೊಂಡು ಉಳಿಯುವ ಮುದುಕಿಗೆ ಆ ಭಾಗ್ಯವೂ ಕಡಮೆ. ಬಿಸಿಲು ಧಾರಾಳವಾದ ತಿರುಪತಿಯಲ್ಲಿಯೇ, ಮುಟ್ಟು ನಿಂತ ೧೬೪ ಮಂದಿ ಹೆಂಗಸರನ್ನು ಪರೀಕ್ಷಿಸಿ ೨೦೦೫ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಐವರಲ್ಲಿ ನಾಲ್ವರಿಗಿಂತ ಹೆಚ್ಚಿನವರಿಗೆ ಜೀವಸತ್ವ 'ಡಿ' ಸಾಲದಾಗಿತ್ತು. ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳ, ಬಚ್ಚಲಿನ ಜಾರುಕಲ್ಲು ಇವೂ ಇಲ್ಲಿ ಅಸ್ಥಿರೋಗದ ಅಂಗಗಳೇ. ಜಾಳಾದ ಮೂಳೆ ಮುರಿಯುವುದು ಸಾಮಾನ್ಯವಾಗಿ ಬಿದ್ದಾಗ.

ಹಾಗಾದರೆ ರಾಗಿಯುಣ್ಣುವ ಅರಸೀಕೆರೆಯ ಕಡೆಯವರು ನಿಶ್ಚಿಂತರೇ? ಒಂದು ಮುದ್ದೆಗೆ ನೂರು ಗ್ರಾಂ ಹಿಟ್ಟೆಂದು ಇಟ್ಟುಕೊಂಡರೆ ದಿನಕ್ಕೆ ಎರಡು ಮುದ್ದೆಯಿಂದ ಏಳುನೂರು ಮಿಲಿಗ್ರಾಂ ಕ್ಯಾಲ್ಸಿಯಂ ಬರುತ್ತದೆ. ಇದು ದೊಡ್ಡ ಅನುಕೂಲ. ಹಲ್ಲುದುರಿದವಳೂ ಅಗಿಯದೆ ನುಂಗಬಹುದಾದ ಆಹಾರವಿದೆಂಬುದೂ ಸಣ್ಣ ಮಾತಲ್ಲ. ಆದರೆ ಅರಸೀಕೆರೆ ತಾಲ್ಲೂಕಿನ ಹಲವು ಗ್ರಾಮಗಳ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡು ಮಿತಿಮೀರಿದೆ. ಫ್ಲೋರೈಡಿನಿಂದ ಮೂಳೆ ಕೆಡುವ ರೋಗವನ್ನು ಭಾರತದಲ್ಲಿ ಮೊದಲು ಗುರುತಿಸಿದ್ದು ೧೯೩೭ರಲ್ಲಿ, ನೆಲ್ಲೂರು ಜಿಲ್ಲೆಯಲ್ಲಿ. ಅದು ಮೂಳೆಯನ್ನು ದಪ್ಪಗಾಗಿಸುತ್ತದೆ, ಬಲಪಡಿಸುವುದಿಲ್ಲ. ಅಮೆರಿಕದ ಮೇಯೋ ಚಿಕಿತ್ಸಾಲಯದವರು ಮುಟ್ಟು ನಿಂತ ೨೦೨ ಮಂದಿ ಹೆಂಗಸರಲ್ಲಿ ಫ್ಲೋರೈಡನ್ನೇ ಔಷಧವಾಗಿ ಪರೀಕ್ಷಿಸಿ ೧೯೯೦ರಲ್ಲಿ ಪ್ರಕಟಿಸಿದ ಫಲಿತಾಂಶ ಮನನೀಯ. ಔಷಧ ಪಡೆದವರ ಬೆನ್ನೆಲುಬಿನ ಸಾಂದ್ರತೆ ನೂರಕ್ಕೆ ೩೫ರಷ್ಟು ಏರಿತು. ಆದರೂ ಬೆನ್ನೆಲುಬಿನ ಮುರಿತ ಗಣನೀಯವಾಗಿ ಕಡಮೆಯಾಗಲಿಲ್ಲ, ಉಳಿದೆಡೆಯ ಮೂಳೆ ಮುರಿತ ಹೆಚ್ಚಿತು. 'ಗಟ್ಟಿ ಮೂಳೆ' ಎಂಬ ಮಾತನ್ನೇ ಎಷ್ಟು ಎಚ್ಚರದಿಂದ ಬಳಸಬೇಕೆಂಬುದು ಇದರಿಂದ ವಿದಿತವಾಗುತ್ತದೆ.

ಹೀಗೆ ಪಡುವಣದಲ್ಲಿ ಧಾನ್ಯವೂ ಬಿಸಿಲೂ ಸಾಲವು. ಮೂಡಣದಲ್ಲಿ ಧಾನ್ಯವುಂಟು, ನೀರು ಕೆಟ್ಟಿದೆ. ಎರಡು ಕಡೆಗೂ ಒಂದೇ ಸ್ತುತಿಯನ್ನು ಹಾಡುವುದು ಎರಡು ಕಡೆಗೂ ಉಪಕಾರವಲ್ಲ. ಆಹಾರಕ್ಕೆ ಅವಸರದಿಂದ ಕಾರಣತ್ವವನ್ನು ಹೊರಿಸುವುದರ ಅಪಾಯಕ್ಕೆ ಇನ್ನೊಂದು ನಿದರ್ಶನವೂ ನಮ್ಮ ಮಲೆನಾಡಿನಲ್ಲಿಯೇ ಇದೆ. ಸಾಗರ ತಾಲ್ಲೂಕಿನಲ್ಲಿ ೧೯೭೪–೭೫ರ ಸುಮಾರಿಗೆ ಬೆಳಕಿಗೆ ಬಂದ ಹಂದಿಗೋಡು ಕಾಯಿಲೆ ಸೊಂಟ, ಮೊಣಕಾಲುಗಳ ಕೀಲನ್ನು ಕೆಡಿಸುವಂಥದು. ಮೊದಲು ಸಂಶಯ ಹೋದುದು ಗದ್ದೆಯ ಏಡಿ, ಮೀನು, ಕೀಟನಾಶಕಗಳ ಮೇಲೆ. ಮುಂದಿನ ಅಧ್ಯಯನಗಳು ಅದು ವಂಶಪಾರಂಪರ್ಯವಾದ ರೋಗವೆಂದು ತೋರಿಸಿದವು.

ಈ ಸಂದರ್ಭದಲ್ಲಿ ತಾಂಬೂಲದ ಸುಣ್ಣವನ್ನೂ ಹೇಳಬೇಕು. ಎಲೆಯಡಿಕೆ ಹಾಕುವ ಅಜ್ಜಿಯರಿಗೆ ಸುಣ್ಣದಿಂದಲೇ ಮೂಳೆಗೆ ಬೇಕಾದುದು ಸಿಕ್ಕುತ್ತಿತ್ತೆಂಬ ವಾದವೂ ಪ್ರಚಾರದಲ್ಲಿದೆ. ಸುಣ್ಣ ಕ್ಯಾಲ್ಸಿಯಮ್ಮಿನ ಸಂಯುಕ್ತವೇ ಸರಿ. ಆದರೆ ಹೊಗೆಸೊಪ್ಪು ಇರಲಿ ಬಿಡಲಿ, ಎಲೆಯಡಿಕೆಯ ಅಭ್ಯಾಸವು ಅರ್ಬುದಕಾರಕವೆಂದು ಅಂತರರಾಷ್ಟ್ರೀಯ ಅರ್ಬುದ ಸಂಶೋಧನ ಸಂಸ್ಥೆ ೨೦೦೪ರಲ್ಲಿ ನಿರ್ಣಯಿಸಿದೆ. ಮೂಳೆಗಾಗಿ ಬಾಯನ್ನು ಪಣವಿಡುವುದು ವಿವೇಕವಲ್ಲ.

೬

ಧಾನ್ಯಸ್ತುತಿಗೆ ಎದುರಾಗಿ ನಿಂತಂತೆ ಕಾಣುವ ಇನ್ನೊಂದು ಸ್ತುತಿಯಿದೆ: ಗುಳಿಗೆಯದು. ಔಷಧದಂಗಡಿಯ ಕ್ಯಾಲ್ಸಿಯಂ ಮಾತ್ರೆ, ಜೀವಸತ್ವ 'ಡಿ'ಯ ಪುಡಿ, ಮೂಳೆಗೆಂದೇ ಮಾರುವ ಡಬ್ಬಿಹಿಟ್ಟುಗಳ ಜಾಹೀರಾತುಗಳು ಕಾವ್ಯಕ್ಕಿಂತ ಹೆಚ್ಚು ಓದಿಸಿಕೊಳ್ಳುತ್ತವೆ. ಇವನ್ನೂ ಸಾಕ್ಷ್ಯದ ಮುಂದೆ ನಿಲ್ಲಿಸಬೇಕು.

ಫ್ರಾನ್ಸಿನ ವೃದ್ಧಾಶ್ರಮಗಳಲ್ಲಿದ್ದ ೩೨೭೦ ಮಂದಿ ಹೆಂಗಸರ ಮೇಲೆ ನಡೆದು ೧೯೯೨ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಕ್ಯಾಲ್ಸಿಯಂ ಹಾಗೂ ೮೦೦ ಮಾನದ ಜೀವಸತ್ವ 'ಡಿ' ಪಡೆದವರಿಗೆ ಹದಿನೆಂಟು ತಿಂಗಳಲ್ಲಿ ಸೊಂಟದ ಮುರಿತ ನೂರಕ್ಕೆ ೪೩ರಷ್ಟು ಕಡಮೆಯಾಯಿತು. ಅಮೆರಿಕದಲ್ಲಿ ೩೬,೨೮೨ ಮಂದಿ ಹೆಂಗಸರ ಮೇಲೆ ಏಳು ವರ್ಷ ನಡೆದು ೨೦೦೬ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಸಾಂದ್ರತೆ ಅತ್ಯಲ್ಪವಾಗಿ ಹೆಚ್ಚಿತು. ಸೊಂಟದ ಮುರಿತದಲ್ಲಿ ಗಣನೀಯವಾದ ಇಳಿತ ಕಾಣಲಿಲ್ಲ. ಮೂತ್ರಪಿಂಡದ ಕಲ್ಲು ನೂರಕ್ಕೆ ೧೭ರಷ್ಟು ಹೆಚ್ಚಿತು. ಎರಡೂ ಪ್ರಾಮಾಣಿಕವಾದ ಅಧ್ಯಯನಗಳೇ. ವ್ಯತ್ಯಾಸವೆಲ್ಲಿ? ಫ್ರಾನ್ಸಿನವರು ಅತಿ ವೃದ್ಧರು, ಬಿಸಿಲು ಕಾಣದವರು, ಆಹಾರದಲ್ಲಿ ಕ್ಯಾಲ್ಸಿಯಂ ಕಡಮೆಯಿದ್ದವರು. ಅಮೆರಿಕದವರು ಮೊದಲೇ ದಿನಕ್ಕೆ ಸಾವಿರ ಮಿಲಿಗ್ರಾಮಿಗೆ ಮೇಲೆ ಪಡೆಯುತ್ತಿದ್ದವರು. ತುಂಬಿದ ಕೊಡಕ್ಕೆ ನೀರು ಹೊಯ್ದರೆ ಚೆಲ್ಲುತ್ತದೆ.

ಆದುದರಿಂದ ಅಮೆರಿಕದ ಫಲಿತಾಂಶವನ್ನು ತಂದು ನಮ್ಮವಳಿಗೆ ಗುಳಿಗೆ ಬೇಡವೆನ್ನುವುದೂ, ಫ್ರಾನ್ಸಿನದನ್ನು ತಂದು ಎಲ್ಲರಿಗೂ ಬೇಕೆನ್ನುವುದೂ ತಪ್ಪು. ನಮ್ಮವಳ ಕೊಡ ಎಷ್ಟು ತುಂಬಿದೆ ಎಂಬುದು ಮೊದಲ ಪ್ರಶ್ನೆ. ರಾಷ್ಟ್ರೀಯ ಪೋಷಣ ಸಂಸ್ಥೆಯ ವೀಣಾ ಶತ್ರುಘ್ನ ಮತ್ತು ಸಂಗಡಿಗರು ಹೈದರಾಬಾದಿನ ಬಡಕುಟುಂಬಗಳ ೩೦ರಿಂದ ೬೦ ವಯಸ್ಸಿನ ೨೮೯ ಮಂದಿ ಹೆಂಗಸರನ್ನು ಅಧ್ಯಯನ ಮಾಡಿ ೨೦೦೫ರಲ್ಲಿ ಪ್ರಕಟಿಸಿದಂತೆ, ಅವರ ಊಟದಲ್ಲಿದ್ದ ಕ್ಯಾಲ್ಸಿಯಂ ದಿನಕ್ಕೆ ಸರಾಸರಿ ೨೭೦ ಮಿಲಿಗ್ರಾಂ. ತೊಡೆಯ ಮೂಳೆಯ ಕೊರಳಿನಲ್ಲಿ ಅಸ್ಥಿರಂಧ್ರತೆ ನೂರಕ್ಕೆ ೨೯ ಮಂದಿಗೆ ಇತ್ತು. ಆ ೨೭೦ರ ಎದುರಿಗೆ ೧೦೦೦ವನ್ನಿಟ್ಟು ನೋಡಿದರೆ ಕೊಡದ ಸ್ಥಿತಿ ತಿಳಿಯುತ್ತದೆ. ಇಂಥವಳಿಗೆ ವೈದ್ಯರು ಪರೀಕ್ಷಿಸಿ ಗುಳಿಗೆ ಕೊಟ್ಟರೆ ಅದು ಉಚಿತವೇ. ಜಾಹೀರಾತನ್ನು ನೋಡಿ ತಾನೇ ಕೊಂಡು ನುಂಗುವುದು ಬೇರೆ ಮಾತು. ಈಗಾಗಲೇ ಮೂಳೆ ಮುರಿದವಳಿಗೆ ಗುಳಿಗೆಯೊಂದೇ ಚಿಕಿತ್ಸೆಯೂ ಅಲ್ಲ.

ಊಟದಿಂದಲೇ ಆಗುವುದೆಷ್ಟು ಎಂಬುದಕ್ಕೆ ಈಚಿನ ಬಲವಾದ ಸಾಕ್ಷ್ಯ ಆಸ್ಟ್ರೇಲಿಯದ್ದು. ಅಲ್ಲಿಯ ಅರುವತ್ತು ವೃದ್ಧನಿವಾಸಗಳ ೭೧೯೫ ನಿವಾಸಿಗಳ ಮೇಲೆ ಎರಡು ವರ್ಷ ನಡೆದ ಪ್ರಯೋಗ ೨೦೨೧ರಲ್ಲಿ ಪ್ರಕಟವಾಯಿತು. ಅವರಲ್ಲಿ ಹೆಚ್ಚಿನವರು ಹೆಂಗಸರು. ಅರ್ಧದಷ್ಟು ನಿವಾಸಗಳಲ್ಲಿ ಹಾಲು, ಮೊಸರು, ಗಿಣ್ಣುಗಳನ್ನು ಹೆಚ್ಚಿಸಿ ಕ್ಯಾಲ್ಸಿಯಂ ಜೊತೆಗೆ ಸಸಾರಜನಕವನ್ನೂ ಏರಿಸಿದರು. ಅಲ್ಲಿ ಒಟ್ಟು ಮೂಳೆ ಮುರಿತ ನೂರಕ್ಕೆ ೩೩ರಷ್ಟೂ ಸೊಂಟದ ಮುರಿತ ೪೬ರಷ್ಟೂ ಕಡಮೆಯಾದವು, ಬೀಳುವುದೂ ಕಡಮೆಯಾಯಿತು. ಇಲ್ಲಿ ಫಲ ಕೊಟ್ಟದ್ದು ಅಪೂರ್ವವಾದ ಪದಾರ್ಥವಲ್ಲ. ಮುದುಕರ ತಟ್ಟೆಗೆ ಅದು ದಿನವೂ ತಪ್ಪದೆ ಬಂದಿತು ಎಂಬುದೇ ಮುಖ್ಯ.

೭

ಇಲ್ಲಿಗೆ ನಾವು ಕನಕದಾಸರ ಪ್ರಶ್ನೆಗೆ ಮರಳುತ್ತೇವೆ. ಆಹಾರ ಯಾರನ್ನು ಮುಟ್ಟುತ್ತದೆ? ಧಾನ್ಯಸ್ತುತಿಗೂ ಗುಳಿಗೆಯ ಸ್ತುತಿಗೂ ಮೇಲುನೋಟಕ್ಕೆ ವಿರೋಧವಿದ್ದರೂ ಒಳಗೆ ಒಂದೇ ದೋಷ. ಎರಡೂ ಪದಾರ್ಥವನ್ನು ನಾಯಕನನ್ನಾಗಿ ಮಾಡಿ ಉಣ್ಣುವವಳನ್ನು ಮರೆಯುತ್ತವೆ.

ಮನೆಯಲ್ಲಿ ಹಸುವಿದ್ದರೆ ಹಾಲು ಮೊದಲು ಡೈರಿಗೆ, ಉಳಿದದ್ದು ಮಕ್ಕಳಿಗೆ, ಅನಂತರ ಗಂಡಸರ ಕಾಫಿಗೆ. ಹಸುವಿಗೆ ಹುಲ್ಲು ತಂದವಳ ಲೋಟಕ್ಕೆ ಬರುವುದು ಬೆಲ್ಲದ ಬರಿಗಾಫಿ. ಸಾರಿನ ತಳದ ಕಾಳು, ಮೀನಿನ ತುಂಡು ಇವುಗಳ ಗತಿಯೂ ಇಂಥದೇ. ಕಡೆಗೆ ಉಣ್ಣುವ ರೂಢಿಯನ್ನು ತ್ಯಾಗವೆಂದು ಹೊಗಳಿದ್ದೇವೆ. ಅದರ ಲೆಕ್ಕ ಮೂಳೆಯಲ್ಲಿ ಬರೆದುಕೊಳ್ಳುತ್ತದೆಂಬುದನ್ನು ಕಾಣಲಿಲ್ಲ. ಸರ್ಕಾರದ ದೃಷ್ಟಿಯೂ ಮನೆಯ ದೃಷ್ಟಿಯನ್ನು ಬಹುಮಟ್ಟಿಗೆ ಅನುಸರಿಸಿದೆ. ೨೦೧೩ರಲ್ಲಿ ಆರಂಭವಾದ ಕ್ಷೀರಭಾಗ್ಯ ಶಾಲಾಮಕ್ಕಳಿಗೆ ಹಾಲು ಕೊಟ್ಟಿತು. ೨೦೧೭ರ ಮಾತೃಪೂರ್ಣ ಯೋಜನೆ ಗರ್ಭಿಣಿಯರಿಗೂ ಬಾಣಂತಿಯರಿಗೂ ಅಂಗನವಾಡಿಯಲ್ಲಿ ಊಟವನ್ನು ಕೊಟ್ಟಿತು. ಇವೆರಡೂ ಅತ್ಯಂತ ಸ್ತುತ್ಯವಾದ ಯೋಜನೆಗಳು. ಆದರೆ ಇವುಗಳ ಲೆಕ್ಕದಲ್ಲಿ ಹೆಣ್ಣು ಮಗುವಾಗಿದ್ದಾಗ ಕಾಣುತ್ತಾಳೆ, ತಾಯಿಯಾಗುವಾಗ ಕಾಣುತ್ತಾಳೆ. ಮುಟ್ಟು ನಿಂತು, ಮೂಳೆಗೆ ಹಾಲು ಅತ್ಯವಶ್ಯವಾದ ಕಾಲಕ್ಕೆ ಲೆಕ್ಕದಿಂದ ಹೊರಗೆ ಬೀಳುತ್ತಾಳೆ. ನಮ್ಮ ದೇಶದ ಹೆಂಗಸರಿಗೆ ಸುಮಾರು ನಾಲ್ವತ್ತಾರು ನಾಲ್ವತ್ತೇಳರ ವಯಸ್ಸಿಗೇ ಮುಟ್ಟು ನಿಲ್ಲುವುದರಿಂದ, ಹೀಗೆ ಹೊರಗುಳಿಯುವ ಕಾಲ ಎರಡು ಮೂರು ದಶಕಗಳಷ್ಟು ದೀರ್ಘವಾದುದು.

ಆದ ಕಾರಣ ರಾಗಿಯನ್ನು ಹೊಗಳಬಾರದೆಂದಲ್ಲ. ಬಿಕ್ಕೋಡಿನ ಅಡುಗೆಮನೆಯಲ್ಲಿ ದಿನಕ್ಕೊಂದು ಹೊತ್ತು ಅನ್ನಕ್ಕೆ ಬದಲು ಮುದ್ದೆಯೋ ಮೊಳಕೆಹಿಟ್ಟಿನ ಗಂಜಿಯೋ ಬಂದರೆ ಅದರಷ್ಟು ಅಗ್ಗವಾದ ಉಪಾಯ ಇನ್ನೊಂದಿಲ್ಲ. ಅದರ ಜೊತೆಗೆ ಹುರುಳಿ, ಸೊಪ್ಪು, ಒಂದು ಲೋಟ ಹಾಲು ಅಥವಾ ಮೊಸರು, ಬಿಸಿಲು ಬಂದಾಗ ಅಂಗಳದಲ್ಲಿ ಅರ್ಧ ಗಂಟೆ, ಪಾಚಿ ಕೆರೆದ ಬಚ್ಚಲು, ಅಗತ್ಯವಿದ್ದವಳಿಗೆ ವೈದ್ಯರ ಸಲಹೆಯ ಗುಳಿಗೆ, ಅರಸೀಕೆರೆಯ ಕಡೆಗೆ ಶುದ್ಧವಾದ ನೀರು, ಇಷ್ಟೂ ಸೇರಬೇಕು. ಎಲ್ಲಕ್ಕೂ ಮೊದಲು ಅವಳು ಎಲ್ಲರ ಜೊತೆ ಕುಳಿತು ಉಣ್ಣಬೇಕು.

ನಮ್ಮ ವಿಭಾಗದ ವಿದ್ಯಾರ್ಥಿಗಳಿಗೆ ಇಲ್ಲಿ ಮಾಡತಕ್ಕ ಕೆಲಸವುಂಟು. ಶಾಸನಗಳು ಹೇಳದ್ದನ್ನು ಬದುಕಿರುವ ಅಜ್ಜಿಯರು ಹೇಳಬಲ್ಲರು. ತಮ್ಮ ಹರೆಯದಲ್ಲಿ ಏನು ಉಂಡರು, ಎಷ್ಟನೆಯ ಪಂಕ್ತಿಯಲ್ಲಿ ಉಂಡರು, ಹಾಲು ಯಾರ ಪಾಲಾಯಿತು, ಎಷ್ಟು ಮಕ್ಕಳಿಗೆ ಮೊಲೆಯೂಡಿದರು, ಮುಟ್ಟು ಯಾವಾಗ ನಿಂತಿತು, ಎಂದು ಬಿದ್ದರು, ಯಾವ ಮೂಳೆ ಮುರಿಯಿತು, ಅವರ ತಾಯಿ ಅತ್ತೆಯರ ಬೆನ್ನು ಹೇಗಿತ್ತು? ಬಿಕ್ಕೋಡು, ಹಳೇಬೀಡು, ಅರಸೀಕೆರೆ ಈ ಮೂರು ಕಡೆಗಳಲ್ಲಿ ಇಂಥ ವಿವರಗಳನ್ನು ಕ್ರಮವಾಗಿ ಬರೆದಿಟ್ಟರೆ, 'ನಮ್ಮ ಅಜ್ಜಿಯರ ಮೂಳೆ ಗಟ್ಟಿಯಾಗಿತ್ತು' ಎಂಬ ವಾಕ್ಯಕ್ಕೆ ಮೊದಲನೆಯ ಬಾರಿಗೆ ಸಾಕ್ಷ್ಯ ದೊರೆಯಬಹುದು, ಇಲ್ಲವೆ ಅದನ್ನು ಕೈಬಿಡಬೇಕಾಗಬಹುದು. ಎರಡರಲ್ಲಿ ಯಾವುದಾದರೂ ಸಾಕ್ಷ್ಯವಿಲ್ಲದ ಸ್ತುತಿಗಿಂತ ಮೇಲು.